ಮಾತಿಲ್ಲದ ಕೊಠಡಿ: ಜರ್ಮನ್ ಮೂಕಚಿತ್ರವೂ ‘ಪುಷ್ಪಕ ವಿಮಾನ’ವೂ

ಮ್ಯಾಕ್ಸ್ ರೈನ್‌ಹಾರ್ಟನು 1906ರಲ್ಲಿ ಬರ್ಲಿನ್ನಿನಲ್ಲಿ ತೆರೆದ ಚಿಕ್ಕ ರಂಗಮಂದಿರಕ್ಕೆ ‘ಕಾಮರ್‌ಸ್ಪೀಲೆ’, ಎಂದರೆ ಕೊಠಡಿಯ ನಾಟಕಶಾಲೆ, ಎಂದು ಹೆಸರು. ನಟನ ಮುಖದ ಸೂಕ್ಷ್ಮ ವಿಕಾರವೂ ಪ್ರೇಕ್ಷಕನಿಗೆ ಕಾಣಬೇಕೆಂಬುದು ಅದರ ಆಶಯ. ಈ ಆಶಯವನ್ನು ಚಲನಚಿತ್ರಕ್ಕೆ ತಂದವರಲ್ಲಿ ಕಥಾಲೇಖಕ ಕಾರ್ಲ್ ಮೇಯರನು ಪ್ರಮುಖನು. ಅವನು ಬರೆದ ‘ಷೆರ್ಬೆನ್’ (1921), ‘ಡೆರ್ ಲೆಟ್ಸ್‌ಟೆ ಮಾನ್’ (1924) ಎಂಬ ಚಿತ್ರಗಳಲ್ಲಿ ಪಾತ್ರಗಳು ಕೆಲವೇ, ಅವರೂ ಸಾಮಾನ್ಯರು. ಸಂಭಾಷಣೆಯ ಫಲಕಗಳಂತೂ ಇಲ್ಲವೆಂಬಷ್ಟು ವಿರಳ. ಧ್ವನಿಯಿಲ್ಲದುದು ಆ ಕಾಲದ ಯಂತ್ರದ ಕೊರತೆ. ಫಲಕವನ್ನೂ ಬಿಟ್ಟುದು ಕಲಾವಿದನ ಸಂಕಲ್ಪ.

ಈ ಸಂಕಲ್ಪಕ್ಕೆ ನಮ್ಮಲ್ಲಿ ಸಮೀಪವಾದ ನಿದರ್ಶನವೆಂದರೆ ಸಿಂಗೀತಂ ಶ್ರೀನಿವಾಸರಾಯರು ಬೆಂಗಳೂರಿನಲ್ಲಿ ತೆಗೆದ ‘ಪುಷ್ಪಕ ವಿಮಾನ’ (1987). ವಾಕ್ಚಿತ್ರ ಬಂದು ಅರ್ಧ ಶತಮಾನ ಕಳೆದ ಮೇಲೆ ಅವರು ಮಾತನ್ನು ತಾವಾಗಿಯೇ ತ್ಯಜಿಸಿದರು.

ಭರತನು ಹೇಳಿದ ನಾಲ್ಕು ಅಭಿನಯಗಳಲ್ಲಿ ವಾಚಿಕವನ್ನು ತೆಗೆದರೆ ಆಹಾರ್ಯಕ್ಕೆ ಬಲ ಹೆಚ್ಚುತ್ತದೆ. ಮುರ್ನೌ ನಿರ್ದೇಶಿಸಿದ ‘ಡೆರ್ ಲೆಟ್ಸ್‌ಟೆ ಮಾನ್’ ಚಿತ್ರದಲ್ಲಿ ಹೋಟೆಲಿನ ವೃದ್ಧ ದ್ವಾರಪಾಲಕನ ಮಾನವೆಲ್ಲ ಅವನ ಸಮವಸ್ತ್ರದಲ್ಲಿದೆ. ಶೌಚಗೃಹದ ಸೇವೆಗೆ ಇಳಿಸಲ್ಪಟ್ಟಾಗ ಅವನು ಆ ಉಡುಪನ್ನು ಕದಿಯುತ್ತಾನೆ. ‘ಪುಷ್ಪಕ ವಿಮಾನ’ದ ನಿರುದ್ಯೋಗಿ ತರುಣನೂ ಹಾಗೆಯೇ, ಕುಡಿದು ಬಿದ್ದ ಧನಿಕನೊಬ್ಬನ ಕೀಲಿಕೈ ಪಡೆದು ಅವನ ಹೋಟೆಲ್ ಕೊಠಡಿಯನ್ನು ಸೇರುತ್ತಾನೆ. ಇಬ್ಬರದೂ ಎರವಲು ಗೌರವ. ಆದರೆ ಆ ಕೊಠಡಿಯ ನಿಶ್ಶಬ್ದದಲ್ಲಿ ತರುಣನಿಗೆ ನಿದ್ರೆ ಬಾರದು; ತನ್ನ ಬಡ ವಠಾರದ ಗದ್ದಲವನ್ನು ಧ್ವನಿಮುದ್ರಿಸಿ ತಂದು, ಅದನ್ನು ಕೇಳುತ್ತ ಮಲಗುತ್ತಾನೆ. ಸ್ಥಳ ಬದಲಾದರೂ ದೇಹದ ಅಭ್ಯಾಸ ಬದಲಾಗಲಿಲ್ಲವೆಂಬುದನ್ನು ಇದಕ್ಕಿಂತ ಮಿತವಾಗಿ ಹೇಳುವುದು ಕಷ್ಟ.

ಮಂಜಿನ ಕಠಾರಿಯ ಕೊಲೆಗಾರನ ಉಪಕಥೆಯು ವಿನೋದಕರವಾದರೂ ಕೊಠಡಿಯ ಏಕಾಗ್ರತೆಯನ್ನು ಸಡಿಲಿಸುತ್ತದೆ. ಜರ್ಮನ್ ಚಿತ್ರದ ಬಿಗಿ ಇಲ್ಲಿಲ್ಲ. ಮುಕ್ತಾಯದಲ್ಲಿ ಮಾತ್ರ ನಮ್ಮ ಚಿತ್ರದ್ದೇ ಮೇಲುಗೈ. ಮುರ್ನೌನ ಚಿತ್ರವು ಕೊನೆಯಲ್ಲಿ ಫಲಕವೊಂದನ್ನು ತೋರಿಸಿ, ಮುದುಕನ ಮೇಲೆ ಕರುಣೆಯಿಟ್ಟು, ಅವನಿಗೆ ಅಕಸ್ಮಾತ್ ಐಶ್ವರ್ಯ ಕೊಡಿಸುತ್ತದೆ. ಇಲ್ಲಿ ತರುಣನು ಎರವಲನ್ನು ತಾನೇ ಬಿಟ್ಟುಕೊಡುತ್ತಾನೆ. ಪ್ರಿಯೆ ಎಸೆದ ಚೀಟಿ ಗಾಳಿಗೆ ಹಾರಿ ಚರಂಡಿಗೆ ಬೀಳುತ್ತದೆ. ಅವನು ಹೂವನ್ನು ಹಿಡಿದು ಮತ್ತೆ ಉದ್ಯೋಗಾರ್ಥಿಗಳ ಸಾಲಿನಲ್ಲಿ ನಿಲ್ಲುತ್ತಾನೆ. ಇದು ಕಥೆಯ ಒಳಗಿನಿಂದಲೇ ಹುಟ್ಟಿದ ಅಂತ್ಯ.

ಮಾತಿಲ್ಲದ ಈ ಚಿತ್ರ ಯಾವ ಭಾಷೆಯದು? ತಮಿಳಿನಲ್ಲಿ ಅದು ‘ಪೇಸುಂ ಪಡಂ’, ಹಿಂದಿಯಲ್ಲಿ ‘ಪುಷ್ಪಕ್’. ಕನ್ನಡವೂ ತೆಲುಗೂ ಒಂದೇ ಬೀದಿಯಲ್ಲಿ ಕೇಳಿಬರುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ವಿದ್ಯಾರ್ಥಿಗೆ ಈ ಪ್ರಶ್ನೆ ತೊಡಕೆನಿಸಲಾರದು. ಕೆಲಸಕ್ಕಾಗಿ ಸಾಲಿನಲ್ಲಿ ನಿಂತವನ ಮುಖಕ್ಕೆ ಭಾಷಾಂತರ ಬೇಡ. ತರಗತಿಯಲ್ಲಿ ಎರಡು ಚಿತ್ರಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಮೌನವು ಮಾತಿನ ಅಭಾವವಲ್ಲ, ಅದೂ ಒಂದು ರಚನೆಯೆಂಬುದು ಸ್ಪಷ್ಟವಾಗುತ್ತದೆ.