ಪದಪಟ್ಟಿಯ ಮಿತಿ: ತಂತ್ರಾಂಶ ಭಾಷಾನೀತಿ ಮತ್ತು ಕನ್ನಡದ ಲಿಂಗವ್ಯವಸ್ಥೆ

ಎಲ್ಲರನ್ನೂ ಒಳಗೊಳ್ಳುವ ಭಾಷೆಯನ್ನು ತಂತ್ರಾಂಶ ರಚನಕಾರರಿಗೆ ಬೋಧಿಸುವ ಮಾರ್ಗಸೂಚಿಗಳು ಬಹುಮಟ್ಟಿಗೆ ಒಂದೇ ಅಚ್ಚಿನವು: ಎಡಗಡೆ ಬಿಡಬೇಕಾದ ಪದ, ಬಲಗಡೆ ಬಳಸಬೇಕಾದ ಪದ. ಲಾಸ್ ಏಂಜಲೀಸ್ ಕೌಂಟಿಯು ಉಪಕರಣ ಪೂರೈಕೆದಾರರಿಗೆ ‘ಮಾಸ್ಟರ್–ಸ್ಲೇವ್’ ಜೋಡಿಯನ್ನು ಕೈಬಿಡುವಂತೆ ಕೋರಿದ್ದು 2003ರಲ್ಲಿ. 2014ರಲ್ಲಿ ಜಾಂಗೋ, 2018ರಲ್ಲಿ ಪೈಥಾನ್, 2020ರಲ್ಲಿ ಲಿನಕ್ಸ್ ಕರ್ನಲ್ ಅದೇ ದಾರಿ ಹಿಡಿದವು. 2020ರ ಅಕ್ಟೋಬರ್‌ನಿಂದ ಗಿಟ್‌ಹಬ್‌ನ ಹೊಸ ಭಂಡಾರಗಳ ಮೊದಲ ಶಾಖೆಯ ಹೆಸರು ‘ಮೇನ್’ ಆಯಿತು.

ಉದ್ದೇಶದ ಬಗ್ಗೆ ತಕರಾರಿಲ್ಲ. ವಿಶ್ಲೇಷಣೆಯ ಬಗ್ಗೆ ಇದೆ. ದತ್ತಸಂಚಯದ ಪ್ರತಿಕರಣದಲ್ಲಿ ‘ಮಾಸ್ಟರ್’ ಪದಕ್ಕೆ ಅರ್ಥ ಒದಗುವುದು ‘ಸ್ಲೇವ್’ ಎದುರಿಗಿರುವುದರಿಂದ. ಗಿಟ್ ಶಾಖೆಯ ಹೆಸರಿಗೆ ಅಂಥ ಎದುರುಪದವಿಲ್ಲ. ಇವೆರಡನ್ನೂ ಒಂದೇ ಸಾಲಿನಲ್ಲಿಟ್ಟರೆ ಪದವೇ ಅಪರಾಧಿಯೆನಿಸಿ, ಪದಗಳ ನಡುವಣ ಸಂಬಂಧ ಮರೆಯಾಗುತ್ತದೆ. ವಿರೋಧಿಗಳ ವಾದವೂ ಗಟ್ಟಿಯಲ್ಲ. ‘ಬ್ಲ್ಯಾಕ್‌ಲಿಸ್ಟ್’ ಪದದ ಹುಟ್ಟಿಗೂ ಜನಾಂಗಕ್ಕೂ ನಂಟಿಲ್ಲವೆಂದೇ ಇಟ್ಟುಕೊಳ್ಳೋಣ. ವ್ಯುತ್ಪತ್ತಿಯು ಇಂದಿನ ಅರ್ಥವನ್ನು ಕಟ್ಟಿಹಾಕದೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ‘ವೈಟ್‌ಲಿಸ್ಟ್’ ಅದರ ಮಾದರಿಯಲ್ಲೇ ರೂಪುಗೊಂಡದ್ದು, ಕಪ್ಪು ಕೆಡುಕು, ಬಿಳಿ ಒಳಿತು ಎಂಬ ಸಮೀಕರಣ ಇಂದಿಗೂ ಪದಗಳನ್ನು ಹುಟ್ಟಿಸುತ್ತಿದೆಯೆಂಬುದಕ್ಕೆ ಸಾಕ್ಷಿ. ನಮ್ಮ ಪತ್ರಿಕೆಗಳ ‘ಕಪ್ಪುಪಟ್ಟಿ’ ಆ ಸಮೀಕರಣದ ಪಡಿಯಚ್ಚು. ಕರಿಯಪ್ಪ, ಕರಿಯಮ್ಮ ಎಂದು ಮಕ್ಕಳಿಗೆ ಹೆಸರಿಟ್ಟ ನುಡಿಸಮುದಾಯಕ್ಕೆ ಅದರ ಅಗತ್ಯವೇನೂ ಇರಲಿಲ್ಲ. ‘ತಡೆಪಟ್ಟಿ’ ಎಂದರೆ ಕೆಲಸವೂ ಹೆಚ್ಚು ಸ್ಪಷ್ಟವಾಗುತ್ತದೆ.

ಪದಪಟ್ಟಿಯ ನಿಜವಾದ ಸೋಲು ಕಾಣುವುದು ಅದು ಭಾಷೆಯಿಂದ ಭಾಷೆಗೆ ಹೋದಾಗ. ಬಳಕೆದಾರರೊಬ್ಬರು ಪ್ರವೇಶಿಸಿದರೆಂಬ ಇಂಗ್ಲಿಷ್ ಸಂದೇಶದಲ್ಲಿ ಲಿಂಗಸೂಚನೆ ಇಲ್ಲ. ಆದ್ದರಿಂದ ಯಾವ ಪಟ್ಟಿಯೂ ಅದನ್ನು ಗುರುತಿಸದು. ಕನ್ನಡದ ಏಕವಚನದಲ್ಲಿ ಅದು ‘ಬಳಕೆದಾರನು ಪ್ರವೇಶಿಸಿದ್ದಾನೆ’ ಎಂದಾಗುತ್ತದೆ: ನಾಮಪದವೂ ಆಖ್ಯಾತವೂ ಪುಲ್ಲಿಂಗ. ಹೊರಗಿಡುವಿಕೆ ಇಲ್ಲಿ ಪದಕೋಶದಲ್ಲಿಲ್ಲ, ಪ್ರತ್ಯಯದಲ್ಲಿದೆ. ಕನ್ನಡ ವಿಕಿಪೀಡಿಯದ ನಾಮವರ್ಗಗಳನ್ನೇ ನೋಡಬಹುದು: ವ್ಯಕ್ತಿಯ ಪುಟಕ್ಕೆ ‘ಸದಸ್ಯ’, ಅದೇ ವ್ಯಕ್ತಿಯ ಚರ್ಚೆಗೆ ‘ಸದಸ್ಯರ ಚರ್ಚೆಪುಟ’. ಒಂದು ಪುಲ್ಲಿಂಗ ಏಕವಚನ, ಇನ್ನೊಂದು ಲಿಂಗಭೇದವಿಲ್ಲದ ಬಹುವಚನ. ಎರಡರ ನಡುವಿನ ಅಂತರ ಒಂದು ‘ರ’ಕಾರ.

ಹಾಗಾದರೆ ಗೌರವಾರ್ಥಕ ಬಹುವಚನವೇ ಪರಿಹಾರವೆನ್ನೋಣವೇ? ಇಂಗ್ಲಿಷ್ ಈಗ ಒಪ್ಪಿಸಲು ಹೆಣಗುತ್ತಿರುವ ಲಿಂಗನಿರಪೇಕ್ಷ ಸರ್ವನಾಮ ನಮಗೆ ‘ಅವರು’ ರೂಪದಲ್ಲಿ ಮೊದಲೇ ಇದೆಯೆಂದು ಹೆಮ್ಮೆಪಡುವವರುಂಟು. ಆದರೆ ‘ಬಳಕೆದಾರರು ಕಡತ ಅಳಿಸಿದ್ದಾರೆ’ ಎಂಬ ದಾಖಲೆಯಲ್ಲಿ ಅಳಿಸಿದ್ದು ಒಬ್ಬರೋ ಹಲವರೋ ತಿಳಿಯದು. ಭದ್ರತೆಯ ದೃಷ್ಟಿಯಿಂದ ಇದು ಸಣ್ಣ ಸಂದಿಗ್ಧವಲ್ಲ. ‘ಒಬ್ಬ ಬಳಕೆದಾರರು’ ಎಂದರೆ ಪುಲ್ಲಿಂಗ ಹಿಂಬಾಗಿಲಿನಿಂದ ಮರಳುತ್ತದೆ. ‘ಬಳಕೆದಾರರೊಬ್ಬರು’ ಎಂದರೆ ಎರಡೂ ತೊಡಕು ನೀಗುತ್ತವೆ. ಆದರೆ ಬಳಕೆದಾರರ ಹೆಸರನ್ನು ಯಂತ್ರವೇ ತುಂಬುವ ಸಂದೇಶಗಳಲ್ಲಿ ಆ ಪ್ರತ್ಯಯ ಸೇರಿಸಲು ಸಂಧಿಯ ಅಡ್ಡಿ ಬರುತ್ತದೆ. ಆಗ ಅನುವಾದಕರು ‘ಕಡತವನ್ನು ಅಳಿಸಲಾಗಿದೆ’ ಎಂಬ ಕರ್ಮಣಿಯ ಮೊರೆಹೋಗುತ್ತಾರೆ. ಲಿಂಗದ ತೊಡಕು ತಪ್ಪುತ್ತದೆ, ಜೊತೆಗೆ ಕರ್ತೃವೂ ಕಾಣೆಯಾಗುತ್ತದೆ.