ತಟ್ಟಿದರೆ ಮರೆಯುವ ಲೋಹದ ಪುಡಿ

1890ರಲ್ಲಿ ಪ್ಯಾರಿಸ್ಸಿನ ಭೌತವಿಜ್ಞಾನಿ ಎದುವಾರ್ ಬ್ರಾನ್ಲಿ ಗಾಜಿನ ಕೊಳವೆಯಲ್ಲಿ ಸಡಿಲವಾಗಿ ತುಂಬಿದ್ದ ಲೋಹದ ಪುಡಿ ವಿದ್ಯುತ್ತನ್ನು ಹೆಚ್ಚುಕಡಿಮೆ ಬಿಡುತ್ತಲೇ ಇರಲಿಲ್ಲ. ದೂರದಲ್ಲೊಂದು ವಿದ್ಯುತ್ ಕಿಡಿ ಹಾರಿದೊಡನೆ ಸರಾಗವಾಗಿ ಹರಿಯಬಿಟ್ಟಿತು. ಕೊಳವೆಯನ್ನು ತಟ್ಟಿದರೆ ಮತ್ತೆ ತಡೆ. ಲೋಹಕ್ಕೇಕೆ ಈ ಬಿಗುಮಾನ? ಕಣಗಳ ಮೇಲೆ ತೆಳುವಾದ ಆಕ್ಸೈಡ್ ಪೊರೆಯಿದೆ, ನಡುವೆ ಗಾಳಿಯಿದೆ. ಕಿಡಿಯಿಂದ ಹೊಮ್ಮಿದ ರೇಡಿಯೋ ಅಲೆಯ ವಿದ್ಯುತ್ ಒತ್ತಡ ಪೊರೆಯನ್ನು ಭೇದಿಸಿ ಕಣಗಳನ್ನು ಸೂಕ್ಷ್ಮವಾಗಿ ಬೆಸೆಯುತ್ತದೆ. ಒಂದೇ ಸರಪಳಿ ತುದಿಯಿಂದ ತುದಿಗೆ ಮುಟ್ಟಿದರೂ ದಾರಿ ತೆರೆಯುತ್ತದೆ. ಬದಲಾವಣೆ ಅಷ್ಟು ಹಠಾತ್ತಾಗಿರುವುದು ಅದಕ್ಕೇ, ಅದರ ಚೆಲುವೂ ಅಲ್ಲೇ. ಇಂಥ ಪುಡಿಯ ಕೊಳವೆ ರೇಡಿಯೋ ಸಂದೇಶದ ಚುಕ್ಕೆ-ಗೆರೆಗಳನ್ನಷ್ಟೇ ಹಿಡಿಯಬಲ್ಲದು, ಮಾತನ್ನಲ್ಲ. ಅಲೆಗಳನ್ನು ಹಿಡಿಯುವ ಸ್ಫಟಿಕ ಬಂದೊಡನೆ ಮೂಲೆ ಸೇರಿತು ಎನ್ನುವವರಿದ್ದಾರೆ. ನಿಜ. ಆದರೆ ಮಾರ್ಕೋನಿಯ ಆರಂಭದ ತಂತಿರಹಿತ ಸಂದೇಶಗಳನ್ನು ಹಿಡಿದದ್ದು ಇಂಥದೇ ನಿಕ್ಕಲ್-ಬೆಳ್ಳಿ ಪುಡಿ. ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ತೇಲುವ ಲೋಹದ ಕಣಗಳು ಸಾಲುಗಟ್ಟಿ ನಿರೋಧನವನ್ನು ಕೆಡಿಸುವುದನ್ನು ಅರಿಯಲೂ ಸರಪಳಿಯ ಈ ಚಿತ್ರ ನೆರವಾಗುತ್ತದೆ.