ಯಂತ್ರವೂ ಧ್ವನಿಯೂ: ಬಾನುಲಿ ಸಂಗ್ರಹಾಲಯಗಳನ್ನು ಕುರಿತು ಒಂದು ವಿಮರ್ಶೆ

ಚೆನ್ನೈಯ ಪ್ಯಾರೀಸ್ ಕಾರ್ನರಿನ ಮಗ್ಗುಲಲ್ಲಿ ಬರ್ಮಾ ಬಜಾರಿನ ಅಂಗಡಿಗಳ ಸಾಲಿದೆ. 1960ರ ದಶಕದಲ್ಲಿ ಬರ್ಮಾ ದೇಶವನ್ನು ತೊರೆದು ಬಂದ ತಮಿಳರ ಜೀವನೋಪಾಯಕ್ಕಾಗಿ ಹುಟ್ಟಿಕೊಂಡ ಈ ಪೇಟೆ, ಮುಂದೆ ವಿದೇಶೀ ಟ್ರಾನ್ಸಿಸ್ಟರುಗಳಿಗೂ ಟೇಪ್ ರೆಕಾರ್ಡರುಗಳಿಗೂ ಹೆಸರಾಯಿತು. ಇಂತಹ ಹೊಸ ಯಂತ್ರಗಳು ಮನೆಗೆ ಬಂದಂತೆಲ್ಲ ಹಳೆಯ ವಾಲ್ವ್ ರೇಡಿಯೋಗಳೂ ಗ್ರಾಮಫೋನುಗಳೂ ಅಟ್ಟವನ್ನೇರಿದವು. ಗುಜರಿಗೆ ಬೀಳದೆ ಉಳಿದ ಕೆಲವು ಇಂದು ಸಂಗ್ರಾಹಕರ ಕೈಸೇರಿ, ದೇಶದ ಅಲ್ಲಲ್ಲಿ ಚಿಕ್ಕ ಸಂಗ್ರಹಾಲಯಗಳಾಗಿ ರೂಪುಗೊಂಡಿವೆ. ಈ ಪ್ರಯತ್ನ ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲಿ ಉಳಿದುದು ಯಾವುದು, ಅಳಿದುದು ಯಾವುದು ಎಂಬುದು ವಿಚಾರಾರ್ಹ.

ಸಾಮಾನ್ಯವಾಗಿ ಇಂತಹ ಪ್ರದರ್ಶನಗಳಲ್ಲಿ ಯಂತ್ರದ ಮುಂದಿನ ಚೀಟಿಯು ತಯಾರಕರ ಹೆಸರು, ವರ್ಷ, ವಾಲ್ವುಗಳ ಸಂಖ್ಯೆ, ಇಷ್ಟನ್ನು ಹೇಳಿ ಮುಗಿಸುತ್ತದೆ. ನೋಡುವವನು ಮರದ ಪೆಟ್ಟಿಗೆಯ ಹೊಳಪನ್ನೂ ಹಿತ್ತಾಳೆಯ ಕೊಂಬಿನ ಬೆಡಗನ್ನೂ ಮೆಚ್ಚಿ ಮುಂದೆ ನಡೆಯುತ್ತಾನೆ. ಕಿವಿಗಾಗಿ ಹುಟ್ಟಿದ ವಸ್ತು ಕೇವಲ ಕಣ್ಣಿನ ವಸ್ತುವಾದರೆ ಅದು ಪೀಠೋಪಕರಣಗಳ ಪ್ರದರ್ಶನವಾದೀತೇ ಹೊರತು ಧ್ವನಿಯ ಇತಿಹಾಸವಾಗಲಾರದು.

ಧ್ವನಿಯ ಇತಿಹಾಸ ಕನ್ನಡಿಗರಿಗೆ ದೂರದ್ದಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಗೌಹರ್ ಜಾನರ ಗಾಯನವನ್ನು ಮುದ್ರಿಸಿದರು. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಘೋಷಿಸುತ್ತಿದ್ದರು. ಪರದೇಶದ ಕಾರ್ಖಾನೆಯವರಿಗೆ ಹಾಡಿದವರು ಯಾರೆಂದು ತಿಳಿಯಲು ಅದೇ ಆಧಾರ. ಹೀಗೆ ಧ್ವನಿಯು ತನ್ನ ಚೀಟಿಯನ್ನು ತಾನೇ ಹೊತ್ತು ನಡೆಯಿತು. ಅದೇ ಗಾಯಕಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಮ್ಮ ಕೊನೆಯ ದಿನಗಳನ್ನು ಕಳೆದು, 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ನಂಜನಗೂಡಿನಲ್ಲಿ ಹುಟ್ಟಿ ಮದರಾಸಿನಲ್ಲಿ ಕೀರ್ತಿ ಪಡೆದ ಬೆಂಗಳೂರು ನಾಗರತ್ನಮ್ಮನವರೂ ಗ್ರಾಮಫೋನಿಗೆ ಹಾಡಿದವರೇ. ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು 3 ನಿಮಿಷಗಳ ಅವಕಾಶ. ಗಂಟೆಗಟ್ಟಲೆ ಬೆಳೆಯಬಲ್ಲ ರಾಗವನ್ನು ಅಷ್ಟರಲ್ಲಿ ಅಡಕಗೊಳಿಸಿದ ಕೌಶಲವನ್ನು ಪ್ಲೇಟನ್ನು ಕೇಳದೆ ಅರಿಯಲಾಗದು.

ಬಾನುಲಿಯ ವಿಷಯವೂ ಹಾಗೆಯೇ. 1924ರಲ್ಲಿ ಮದರಾಸು ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ಬು ಪ್ರಸಾರವನ್ನಾರಂಭಿಸಿತು. 1927ರಲ್ಲಿ ಅದು ಹಣವಿಲ್ಲದೆ ನಿಂತಾಗ ಯಂತ್ರವು ನಗರಸಭೆಯ ಪಾಲಾಗಿ, 1930ರಿಂದ ನಗರಸಭೆಯೇ ಪ್ರಸಾರ ನಡೆಸಿತು. 1938ರಲ್ಲಿ ಆಲ್ ಇಂಡಿಯಾ ರೇಡಿಯೋದ ಮದರಾಸು ಕೇಂದ್ರ ಬಂದಿತು. ಅದಕ್ಕೆ ಮೊದಲೇ, 1935ರಲ್ಲಿ, ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 30 ವಾಟ್ ಶಕ್ತಿಯ ಪ್ರೇಷಕದಿಂದ ‘ಆಕಾಶವಾಣಿ’ಯನ್ನು ಆರಂಭಿಸಿದ್ದರು. 1955ರಲ್ಲಿ ಆ ಕೇಂದ್ರ ಬೆಂಗಳೂರಿಗೆ ಬಂದಿತು. ಮಧ್ಯಮ ತರಂಗಗಳು ಹಗಲಿಗಿಂತ ಇರುಳಿನಲ್ಲಿ ಬಹುದೂರ ಹಾಯುತ್ತವೆ. ಆದುದರಿಂದ ಮದರಾಸಿನ ಕನ್ನಡ ಮನೆಯ ರೇಡಿಯೋಗೆ ಬೆಂಗಳೂರು ಹತ್ತಿರವಾಗುತ್ತಿದ್ದುದು ಕತ್ತಲಾದ ಮೇಲೆ. ಮುಳ್ಳನ್ನು ಕೂದಲೆಳೆಯಷ್ಟು ಸರಿಸಿ, ಗೊರಗೊರ ಸದ್ದಿನ ನಡುವೆ ತಾಯ್ನುಡಿಯನ್ನು ಹಿಡಿಯುವ ಆ ತಾಳ್ಮೆಯನ್ನು ಯಾವ ಚೀಟಿಯೂ ಹೇಳುವುದಿಲ್ಲ.

ಅದನ್ನು ಸ್ವಲ್ಪಮಟ್ಟಿಗೆ ಹೇಳಬಲ್ಲುದು ಪರವಾನಗಿಯ ಪುಸ್ತಕ. 1980ರ ದಶಕದಲ್ಲಿ ರದ್ದಾಗುವವರೆಗೆ, ರೇಡಿಯೋ ಇಟ್ಟುಕೊಂಡವರು ಅಂಚೆ ಕಛೇರಿಯಲ್ಲಿ ಶುಲ್ಕ ತೆತ್ತು ಪರವಾನಗಿಯನ್ನು ನವೀಕರಿಸಬೇಕಾಗಿತ್ತು. ಯಾವ ಮನೆ, ಯಾವ ಬೀದಿ, ಎಷ್ಟು ವರ್ಷ ಎಂಬುದಕ್ಕೆ ಅದಕ್ಕಿಂತ ನಂಬಲರ್ಹವಾದ ದಾಖಲೆ ಮತ್ತೊಂದಿಲ್ಲ. ರೇಡಿಯೋವನ್ನು ಕೊಂಡು ಪುಸ್ತಕವನ್ನು ರದ್ದಿಗೆ ಬಿಡುವ ಸಂಗ್ರಾಹಕನು ಒಡವೆಯನ್ನಿಟ್ಟುಕೊಂಡು ಹಕ್ಕುಪತ್ರವನ್ನು ಸುಟ್ಟವನಿಗೆ ಸಮಾನ.

ಹಾಗೆಂದು ಹಳೆಯ ಪ್ಲೇಟುಗಳನ್ನು ಬಂದವರಿಗೆಲ್ಲ ನುಡಿಸಿ ತೋರಿಸಬೇಕೆನ್ನುವುದೂ ಸರಿಯಲ್ಲ. ಅರಗಿನ ಪ್ಲೇಟು ಕೈಜಾರಿದರೆ ಚೂರಾಗುತ್ತದೆ. ಉಕ್ಕಿನ ಮುಳ್ಳು ಪ್ರತಿಸಲವೂ ಅದರ ಗೀರನ್ನು ಸವೆಸುತ್ತದೆ. ಅಪರೂಪದ ಪ್ಲೇಟಿನ ಪ್ರತಿಯನ್ನು ಕೇಳಿಸಿ, ಯಂತ್ರದ ನಡೆಯನ್ನು ತೋರಿಸಲು ಸಾಮಾನ್ಯ ಪ್ಲೇಟನ್ನು ಬಳಸುವುದು ಯುಕ್ತ. ಕೇರಳದ ಪ್ಲಾಶನಾಲಿನ ಗ್ರಾಮಫೋನ್ ಸಂಗ್ರಹಾಲಯದಲ್ಲಿ ಯಂತ್ರಗಳು ಹಾಡುತ್ತವೆ. ಬೆಂಗಳೂರಿನ ಜೆ. ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಸಂಗ್ರಹಾಲಯವೂ ನೋಡುವುದರೊಡನೆ ಕೇಳುವುದಕ್ಕೆ ಸ್ಥಾನ ಕೊಟ್ಟಿದೆ. ಮಾರ್ಗ ಅಸಾಧ್ಯವಲ್ಲವೆಂಬುದಕ್ಕೆ ಇವೇ ಸಾಕ್ಷಿ.

ಹೊರನಾಡಿನ ಕನ್ನಡ ಸಂಘಗಳಿಗೆ ಭವ್ಯವಾದ ಕಟ್ಟಡ ಬೇಕಾಗಿಲ್ಲ. ಸದಸ್ಯರ ಅಟ್ಟಗಳಲ್ಲಿರುವ ಪ್ಲೇಟುಗಳ ಪಟ್ಟಿ, ಪರವಾನಗಿ ಪುಸ್ತಕಗಳ ಪ್ರತಿ, ಹಿರಿಯರು ಕೇಳಿದ್ದುದರ ನೆನಪು, ಇವು ಒಂದೆಡೆ ಸೇರಿದರೆ ಸಾಕು. ಪೆಟ್ಟಿಗೆಯನ್ನು ಬಡಗಿಯು ಮತ್ತೆ ಮಾಡಿಯಾನು. ಅದರ ಮುಂದೆ ಕುಳಿತು ಕೇಳಿದವರ ನೆನಪು ಅವರೊಡನೆಯೇ ಹೋಗುತ್ತದೆ.